ಹಿಂದೆ ಕೂತವಳ ಹೆಸರೇನು? ಲಾಸ್ ಏಂಜಲೀಸ್‌ನಲ್ಲಿ ಒಂದು ರಾಕ್ ಸುತ್ತಾಟ

ಲಾಸ್ ಏಂಜಲೀಸ್‌ಗೆ ಹೋದವರು ಏನೇನು ನೋಡುತ್ತಾರೋ ಅದನ್ನೆಲ್ಲ ನಾನೂ ನೋಡಿದೆ. ಅದನ್ನು ಇಲ್ಲಿ ಬರೆಯುವುದಿಲ್ಲ. ಅಕ್ಕನ ಮಗಳು ಅಲ್ಲೇ ಓದುತ್ತಿದ್ದಾಳೆ, ಬಿಡುವಾದಾಗ ಡ್ರಮ್ಸ್ ಕಲಿಯುತ್ತಾಳೆ. ಅವಳ ಹತ್ತಿರ ಬೇರೆಯೇ ಒಂದು ಪಟ್ಟಿ ಇತ್ತು. ಬರೀ ಹೆಣ್ಣುಮಕ್ಕಳೇ ಸೇರಿ ಕಟ್ಟಿದ ರಾಕ್ ಬ್ಯಾಂಡ್‌ಗಳು ಈ ಊರಲ್ಲಿ ಎಲ್ಲಿ ನುಡಿಸಿದವು, ಎಲ್ಲಿ ಇದ್ದವು ಅನ್ನೋ ಪಟ್ಟಿ. "ಚಿಕ್ಕಮ್ಮ, ನೋಡೋಕೆ ಅಂತ ಜಾಸ್ತಿ ಏನೂ ಸಿಗಲ್ಲ. ಕೇಳೋಕೆ ಬೇಕಾದಷ್ಟಿದೆ" ಅಂತ ಮೊದಲೇ ಹೇಳಿಬಿಟ್ಟಳು. ಜೊತೆಗೆ ಒಂದು ಷರತ್ತು: ಯಾವ ಹಾಡಾದರೂ ಸರಿ, ಮೊದಲ ಸಲ ಡ್ರಮ್ಸ್ ಕಡೆ ಮಾತ್ರ ಕಿವಿ ಕೊಡಬೇಕು. ಮುಂದೆ ನಿಂತು ಹಾಡುವವಳ ಹೆಸರು ಎಲ್ಲರಿಗೂ ಗೊತ್ತು, ಹಿಂದೆ ಕೂತು ಬಾರಿಸುವವಳ ಹೆಸರು ಯಾರೂ ಕೇಳಲ್ಲ ಅನ್ನೋದು ಅವಳ ತಕರಾರು.

ಕಾರಿಲ್ಲದೆ ಈ ಊರು ಸುತ್ತೋಕಾಗಲ್ಲ ಅಂತ ಹೆದರಿಸುವವರು ತುಂಬಾ ಜನ. ನಾವು ಮೆಟ್ರೊ, ಬಸ್ಸುಗಳಲ್ಲೇ ಸುತ್ತಿದೆವು. ಒಂದು ಸಲ 1.75 ಡಾಲರ್ ಕೊಟ್ಟರೆ ಎರಡು ಗಂಟೆ ಕಾಲ ಬಸ್ಸು, ರೈಲು ಬದಲಿಸಬಹುದು. ಬಸ್ಸಿಗೆ ಕಾಯುವಾಗ ಹಾಡು ಕೇಳೋಕೆ ಟೈಮೂ ಸಿಗುತ್ತೆ.

ಹಾಲಿವುಡ್/ಹೈಲ್ಯಾಂಡ್ ನಿಲ್ದಾಣದಲ್ಲಿ ಇಳಿದು ಹಾಲಿವುಡ್ ಬೂಲವಾರ್ಡ್‌ನಲ್ಲಿ ಪೂರ್ವಕ್ಕೆ ನಡೆದೆವು. ನಿಲ್ದಾಣದ ಹತ್ತಿರ ಕಾಲಿಡೋಕೂ ಜಾಗ ಇರಲಿಲ್ಲ. ಎಲ್ಲರೂ ಫುಟ್‌ಪಾತ್ ಮೇಲೆ ಹೆಸರಾಂತ ಕಲಾವಿದರ ಹೆಸರು ಹಾಕಿ ಕೂರಿಸಿದ ನಕ್ಷತ್ರಗಳ ಪಕ್ಕ ಕೂತು ಫೋಟೊ ತೆಗೆಸಿಕೊಳ್ಳುತ್ತಿದ್ದರು. ಚೆರೋಕಿ ಅವೆನ್ಯೂ ಹತ್ತಿರ ಬರುವಷ್ಟರಲ್ಲಿ ಜನ ಕರಗಿದ್ದರು. ಗೋ-ಗೋಸ್ ಬ್ಯಾಂಡಿನ ನಕ್ಷತ್ರ ಇರುವುದು ಅಲ್ಲಿ. ಗುಲಾಬಿ ಬಣ್ಣದ ಕಲ್ಲು, ಅಂಚಿಗೆ ಹಿತ್ತಾಳೆ, ನಡುವೆ ಗ್ರಾಮಫೋನ್ ರೆಕಾರ್ಡಿನ ಗುರುತು. ಐದು ಜನರಿಗೂ ಸೇರಿ ಒಂದೇ ನಕ್ಷತ್ರ. 2011ರಲ್ಲಿ ಇಟ್ಟಿದ್ದು. ಆ ಜಾಗವೇ ಯಾಕೆ ಅಂದರೆ, ಅದರ ಹಿಂದಿನ ಕಟ್ಟಡದ ನೆಲಮಾಳಿಗೆಯಲ್ಲೇ ಮಾಸ್ಕ್ ಅನ್ನೋ ಪಂಕ್ (ಒರಟು, ಜೋರು ರಾಕ್) ಕ್ಲಬ್ ಇತ್ತು. ಬ್ರೆಂಡನ್ ಮಲ್ಲನ್ ಅದನ್ನು ಶುರು ಮಾಡಿದ್ದು 1977ರಲ್ಲಿ. ಮರುವರ್ಷ ಗೋ-ಗೋಸ್ ಮೊದಲ ಸಲ ಜನರ ಮುಂದೆ ನುಡಿಸಿದ್ದು ಅಲ್ಲೇ. ಹಿಂದಿನ ಓಣಿಗೆ ಹೋಗಿ ಇಣುಕಿದೆವು. ಒಂದು ಮುಚ್ಚಿದ ಬಾಗಿಲು, ಕಸದ ಡಬ್ಬಿಗಳು, ಅಷ್ಟೇ. ಚೆರೋಕಿಯಲ್ಲೇ ಸ್ವಲ್ಪ ಮೇಲಕ್ಕೆ ನಡೆದರೆ ಕ್ಯಾಂಟರ್‌ಬರಿ ಅಪಾರ್ಟ್‌ಮೆಂಟ್ಸ್. ಬ್ಯಾಂಡಿನ ಬೆಲಿಂಡಾ ಕಾರ್ಲೈಲ್, ಜೇನ್ ವೀಡ್ಲಿನ್ ಆಗ ಅಲ್ಲಿ ಬಾಡಿಗೆಗೆ ಇದ್ದರು. ಮನೆಯಿಂದ ಕ್ಲಬ್ಬಿಗೆ ನಡೆದೇ ಬರುವಷ್ಟು ಹತ್ತಿರ.

ಆಗ ಅವರಿಗೆ ಸರಿಯಾಗಿ ನುಡಿಸೋಕೂ ಬರುತ್ತಿರಲಿಲ್ಲ. ಇದನ್ನು ಅವರೇ ನಗುತ್ತಾ ಹೇಳಿಕೊಂಡಿದ್ದಾರೆ. ಬ್ಯಾಂಡ್ ಒಂದು ಹದಕ್ಕೆ ಬಂದಿದ್ದು 1979ರಲ್ಲಿ, ಬಾಲ್ಟಿಮೋರ್‌ನಿಂದ ಬಂದ ಜೀನಾ ಶಾಕ್ ಡ್ರಮ್ಸ್‌ಗೆ ಕೂತ ಮೇಲೆ. ಸುಮ್ನೆ ಗಲಾಟೆ ಮಾಡಿದರೆ ಸಾಲದು, ದಿನಾ ಪ್ರಾಕ್ಟೀಸ್ ಮಾಡಬೇಕು ಅಂತ ಉಳಿದವರನ್ನು ಕೂರಿಸಿದವಳು ಅವಳು. ನಕ್ಷತ್ರದ ಪಕ್ಕವೇ ನಿಂತು ಒಂದೊಂದು ಕಿವಿಗೆ ಇಯರ್‌ಫೋನ್ ಹಂಚಿಕೊಂಡು 'ವಿ ಗಾಟ್ ದ ಬೀಟ್' ಹಾಕಿದೆವು. ಹಾಡು ಶುರುವಾಗುವುದೇ ಬರೀ ಡ್ರಮ್ಸ್‌ನಿಂದ. ಗಿಟಾರ್ ಇಲ್ಲ, ದನಿ ಇಲ್ಲ. ಅಕ್ಕನ ಮಗಳ ಬೆರಳು ಜೀನ್ಸ್ ಮೇಲೆ ಆಗಲೇ ಕುಣಿಯುತ್ತಿತ್ತು. "ನೋಡು, ಹೆಸರು ಹೇಳೋದಕ್ಕೆ ಮುಂಚೆನೇ ಇದು ಯಾವ ಹಾಡು ಅಂತ ಗೊತ್ತಾಯ್ತು ಅಲ್ವಾ?" ಎಂದಳು. ಈ ಹಾಡಿರುವ 'ಬ್ಯೂಟಿ ಅಂಡ್ ದ ಬೀಟ್' 1981ರ ಆಲ್ಬಂ. 1982ರಲ್ಲಿ ಆರು ವಾರ ಅಮೆರಿಕದ ಜನಪ್ರಿಯ ಆಲ್ಬಂಗಳ ಪಟ್ಟಿಯಲ್ಲಿ ಮೊದಲ ಸ್ಥಾನದಲ್ಲಿತ್ತು. ತಾವೇ ಬರೆದು, ತಾವೇ ನುಡಿಸಿ ಅಲ್ಲಿಗೆ ಏರಿದ ಮೊದಲ ಮಹಿಳಾ ಬ್ಯಾಂಡ್ ಇವರೇ.

ಅಲ್ಲಿಂದ ಸನ್‌ಸೆಟ್ ಬೂಲವಾರ್ಡ್‌ಗೆ ಇಳಿದು 2ನೇ ನಂಬರ್ ಬಸ್ ಹತ್ತಿದೆವು. ಅದೇ ರಸ್ತೆಯಲ್ಲಿ ಕ್ಲಬ್ಬುಗಳು ಸಾಲಾಗಿರುವ ಸನ್‌ಸೆಟ್ ಸ್ಟ್ರಿಪ್ ಶುರುವಾಗುತ್ತಿದ್ದಂತೆ ಒಂದು ಕಡೆ ಗುಡ್ಡ ಏರುತ್ತೆ, ಇನ್ನೊಂದು ಕಡೆ ಊರು ಕೆಳಗೆ ಹರಡಿಕೊಳ್ಳುತ್ತೆ. ಕ್ಲಾರ್ಕ್ ಸ್ಟ್ರೀಟ್ ಮೂಲೆಯಲ್ಲಿ ವಿಸ್ಕಿ ಅ ಗೋ ಗೋ. 1964ರಿಂದ ಇರುವ ಕ್ಲಬ್. ಇಷ್ಟು ಹೆಸರುವಾಸಿ ಜಾಗ ಹಗಲಲ್ಲಿ ಇಷ್ಟು ಸಪ್ಪೆ ಇರುತ್ತೆ ಅಂದುಕೊಂಡಿರಲಿಲ್ಲ. ಮುಂದಿನ ಬೋರ್ಡಿನಲ್ಲಿ ಅವತ್ತು ರಾತ್ರಿ ನುಡಿಸುವವರ ಹೆಸರು ಜೋಡಿಸಿದ್ದರು, ನಮಗೆ ಒಂದೂ ಗೊತ್ತಿರಲಿಲ್ಲ.

ನನಗೆ ಇಲ್ಲಿಗೆ ಬರಬೇಕಾಗಿದ್ದು ಫ್ಯಾನಿ ಬ್ಯಾಂಡಿಗಾಗಿ. ಈ ಹೆಸರು ಕೇಳದವರೇ ಜಾಸ್ತಿ. ಜೂನ್ ಮತ್ತು ಜೀನ್ ಮಿಲಿಂಗ್‌ಟನ್ ಅಂತ ಅಕ್ಕ ತಂಗಿ. ಹುಟ್ಟಿದ್ದು ಫಿಲಿಪ್ಪೀನ್ಸ್‌ನಲ್ಲಿ, 1961ರಲ್ಲಿ ಮನೆಯವರ ಜೊತೆ ಕ್ಯಾಲಿಫೋರ್ನಿಯಾದ ಸ್ಯಾಕ್ರಮೆಂಟೊಗೆ ಬಂದರು. ಹೊಸ ಸ್ಕೂಲು, ಗೆಳತಿಯರಿಲ್ಲ. ಗಿಟಾರ್ ಹಿಡಿದರು. ಜೂನ್ ಗಿಟಾರ್, ಜೀನ್ ಬಾಸ್, ನಿಕಿ ಬಾರ್ಕ್ಲೆ ಕೀಬೋರ್ಡ್, ಅಯೋವಾದಿಂದ ಬಂದ ಆಲಿಸ್ ಡಿ ಬೂರ್ ಡ್ರಮ್ಸ್. 1970ರಲ್ಲಿ ರಿಪ್ರೈಸ್ ರೆಕಾರ್ಡ್ ಕಂಪನಿಯಿಂದ ಅವರ ಮೊದಲ ಎಲ್‌ಪಿ (ದೊಡ್ಡ ರೆಕಾರ್ಡು, ಅಂದರೆ ಪೂರ್ತಿ ಆಲ್ಬಂ) ಬಂತು. ದೊಡ್ಡ ಕಂಪನಿಯೊಂದರಿಂದ ಮಹಿಳಾ ರಾಕ್ ಬ್ಯಾಂಡಿನ ಇಡೀ ಎಲ್‌ಪಿ ಬರುವುದು ಆಗ ಇಲ್ಲವೇ ಇಲ್ಲ ಅನ್ನುವಷ್ಟು ಅಪರೂಪ. ವಿಸ್ಕಿಯಲ್ಲಿ ನುಡಿಸುತ್ತಿದ್ದರು, ಇದೇ ಸ್ಟ್ರಿಪ್‌ನ ಮೇಲಿನ ಗುಡ್ಡದ ಒಂದು ಮನೆಯಲ್ಲಿ ಒಟ್ಟಿಗೆ ಇದ್ದರು. 'ಚಾರಿಟಿ ಬಾಲ್' ಹಾಡು 1971ರಲ್ಲಿ ಅಮೆರಿಕದ ಹಾಡುಗಳ ಪಟ್ಟಿಯಲ್ಲಿ 40ನೇ ಸ್ಥಾನಕ್ಕೆ ಬಂತು. ಮರುವರ್ಷದ 'ಫ್ಯಾನಿ ಹಿಲ್' ಆಲ್ಬಂ ಲಂಡನ್ನಿನ ಆಪಲ್ ಸ್ಟುಡಿಯೊದಲ್ಲಿ ರೆಕಾರ್ಡ್ ಆಯಿತು. 1975ರ ಹೊತ್ತಿಗೆ ಎಲ್ಲ ಮುಗಿದೇ ಹೋಗಿತ್ತು. 1999ರಲ್ಲಿ ಬ್ರಿಟನ್ನಿನ ರಾಕ್ ಗಾಯಕ ಡೇವಿಡ್ ಬೋವಿ ಒಂದು ಸಂದರ್ಶನದಲ್ಲಿ ಇವರನ್ನು ಬಾಯ್ತುಂಬ ಹೊಗಳಿ, ಯಾರಿಗೂ ಇವರ ನೆನಪೇ ಇಲ್ಲವಲ್ಲ ಅಂತ ಬೇಜಾರು ಮಾಡಿಕೊಂಡಿದ್ದ.

ಜರ್ಮನಿಯ ಬೀಟ್-ಕ್ಲಬ್ ಟಿವಿ ಕಾರ್ಯಕ್ರಮದಲ್ಲಿ ಅವರು ನುಡಿಸಿದ 'ಏಂಟ್ ದಟ್ ಪಿಕ್ಯೂಲಿಯರ್' ಯೂಟ್ಯೂಬ್‌ನಲ್ಲಿದೆ. ಬೇರೆ ಏನೂ ಕೇಳದಿದ್ದರೂ ಅದೊಂದನ್ನು ಕೇಳಿ. ಡ್ರಮ್ಸ್‌ಗೂ ಬಾಸ್‌ಗೂ ನಡುವೆ ಒಂದು ಕೂದಲೂ ತೂರಲ್ಲ, ಅಷ್ಟು ಬಿಗಿ. ಇಡೀ ಸುತ್ತಾಟದಲ್ಲಿ ಕೇಳಿದ್ದರಲ್ಲಿ ನನಗೆ ಎಲ್ಲಕ್ಕಿಂತ ಹಿಡಿಸಿದ್ದು ಇದೇ. ಅಕ್ಕನ ಮಗಳು ಒಪ್ಪಲಿಲ್ಲ. ಅವಳ ಓಟು ಸ್ಯಾಂಡಿ ವೆಸ್ಟ್‌ಗೆ.

ಸ್ಯಾಂಡಿ ವೆಸ್ಟ್ ರನ್‌ಅವೇಸ್ ಬ್ಯಾಂಡಿನ ಡ್ರಮ್ಮರ್. ವಿಸ್ಕಿಯಿಂದ ಸ್ವಲ್ಪ ಮುಂದೆ ರಾಕ್ಸಿ ಕ್ಲಬ್, ಅದರ ಪಕ್ಕಕ್ಕೇ ರೇನ್‌ಬೋ ಬಾರ್. 1975ರಲ್ಲಿ ರನ್‌ಅವೇಸ್ ಹುಟ್ಟಿದ್ದು ಈ ಕಡೆ ಅಡ್ಡಾಡುತ್ತಿದ್ದ ಹುಡುಗಿಯರಿಂದ. ಜೋನ್ ಜೆಟ್ ಗಿಟಾರ್ ಹೊತ್ತುಕೊಂಡು ಬಸ್ ಮೇಲೆ ಬಸ್ ಬದಲಿಸಿ ಹಂಟಿಂಗ್‌ಟನ್ ಬೀಚ್‌ನಲ್ಲಿದ್ದ ಸ್ಯಾಂಡಿ ಮನೆಗೆ ಹೋಗಿದ್ದಳಂತೆ, ಇಬ್ಬರೂ ಸೇರಿ ನುಡಿಸಿ ನೋಡೋಕೆ. ಇಬ್ಬರಿಗೂ ಹದಿನಾರರ ಆಸುಪಾಸು. ಮ್ಯಾನೇಜರ್ ಕಿಮ್ ಫೌಲಿ ಆ ಹುಡುಗಿಯರ ವಯಸ್ಸನ್ನೇ ಮಾರಾಟಕ್ಕಿಟ್ಟ. ಅದನ್ನು ಓದಿದಾಗಲೆಲ್ಲ ಮೈ ಉರಿಯುತ್ತೆ. ಅಮೆರಿಕದಲ್ಲಿ ಅವರ ರೆಕಾರ್ಡುಗಳು ಅಷ್ಟಾಗಿ ಓಡಲಿಲ್ಲ. 1977ರಲ್ಲಿ ಜಪಾನಿಗೆ ಹೋದಾಗ ಜನ ಮುಗಿಬಿದ್ದರು. ಅಲ್ಲಿ ರೆಕಾರ್ಡ್ ಮಾಡಿದ 'ಲೈವ್ ಇನ್ ಜಪಾನ್' ಕೇಳಿದರೆ ಸ್ಯಾಂಡಿಯ ತೋಳಿನ ಬಲ ಗೊತ್ತಾಗುತ್ತೆ. ಬ್ಯಾಂಡ್ 1979ರಲ್ಲಿ ಮುರಿಯಿತು. ಬ್ಯಾಂಡಿನಲ್ಲಿ ಗಿಟಾರ್ ನುಡಿಸುತ್ತಿದ್ದ ಜೋನ್ ಜೆಟ್, ಲೀಟಾ ಫೋರ್ಡ್ ಮುಂದೆ ದೊಡ್ಡ ಹೆಸರು ಮಾಡಿದರು. ಸ್ಯಾಂಡಿ 2006ರಲ್ಲಿ ತೀರಿಕೊಂಡಳು, 47ನೇ ವಯಸ್ಸಿಗೆ.

ವಾಪಸ್ ಹಾಲಿವುಡ್‌ಗೆ ಬಂದು ಅಮೀಬಾ ಮ್ಯೂಸಿಕ್ ಅಂಗಡಿಗೆ ನುಗ್ಗಿದೆವು. ಹಳೇ ರೆಕಾರ್ಡುಗಳ ಸಾಲಿನಲ್ಲಿ ಎಲ್7 ಬ್ಯಾಂಡಿನ 'ಬ್ರಿಕ್ಸ್ ಆರ್ ಹೆವಿ' ಹುಡುಕಿದೆವು, ಸಿಗಲಿಲ್ಲ. 1992ರದು, ಜೋರು ಸದ್ದು ಇಷ್ಟಪಡುವವರಿಗೆ ಹಬ್ಬ. ಬ್ಯಾಂಗಲ್ಸ್ ಬ್ಯಾಂಡಿನ ರೆಕಾರ್ಡು ಮಾತ್ರ ಬೇಕಾದಷ್ಟಿತ್ತು. ನಾನು 'ವಾಕ್ ಲೈಕ್ ಆ್ಯನ್ ಈಜಿಪ್ಶಿಯನ್' ಇರುವ 1986ರ ಆಲ್ಬಂ ಎತ್ತಿಕೊಂಡೆ. "ಅದರಲ್ಲಿ ಡ್ರಮ್ಸ್ ಯಾರದು ಹೇಳು?" ಎಂದಳು. ಬ್ಯಾಂಡಿನ ಡ್ರಮ್ಮರ್ ಡೆಬಿ ಪೀಟರ್ಸನ್ ಅಲ್ವಾ ಅಂದೆ. ಅಲ್ಲ, ಮೆಷಿನ್! ಬ್ಯಾಂಡಿನ ಅತಿ ದೊಡ್ಡ ಹಿಟ್ ಹಾಡಿನಲ್ಲಿ ಪ್ರೊಡ್ಯೂಸರ್ ಡ್ರಮ್ ಮೆಷಿನ್ ಬಳಸಿದ. ಉಳಿದ ಮೂವರಿಗೂ ಹಾಡೋಕೆ ಒಂದೊಂದು ಚರಣ ಸಿಕ್ಕಿತು, ಡೆಬಿಗೆ ಅದೂ ಇಲ್ಲ. ಡೆಬಿಯನ್ನು ಕೇಳಬೇಕು ಅಂದರೆ 1984ರ 'ಆಲ್ ಓವರ್ ದ ಪ್ಲೇಸ್' ತಗೋ ಅಂತ ನನ್ನ ಕೈಯಲ್ಲಿದ್ದುದನ್ನು ಕಿತ್ತುಕೊಂಡು ಇದನ್ನು ಇಟ್ಟಳು. ಅದರ 'ಗೋಯಿಂಗ್ ಡೌನ್ ಟು ಲಿವರ್‌ಪೂಲ್' ಹಾಡನ್ನು ಡೆಬಿಯೇ ಹಾಡಿದ್ದಾಳೆ. ಅವಳ ಮಾತು ನಿಜ, ಇದೇ ಒಳ್ಳೇ ಆಲ್ಬಂ.

ಮಾರನೇ ದಿನ ಎ ಲೈನ್ ರೈಲಿನಲ್ಲಿ ಲಿಂಕನ್/ಸೈಪ್ರೆಸ್ ನಿಲ್ದಾಣಕ್ಕೆ ಹೋಗಿ, ಸೈಪ್ರೆಸ್ ಪಾರ್ಕ್ ಸಾರ್ವಜನಿಕ ಲೈಬ್ರರಿ ಹುಡುಕಿಕೊಂಡು ನಡೆದೆವು. 2021ರ ಮೇ ತಿಂಗಳಲ್ಲಿ ಲಿಂಡಾ ಲಿಂಡಾಸ್ ಅನ್ನೋ ಹುಡುಗಿಯರ ಬ್ಯಾಂಡ್ ಅಲ್ಲಿನ ಪುಸ್ತಕದ ಕಪಾಟುಗಳ ನಡುವೆ ನುಡಿಸಿತ್ತು. ನಾಲ್ವರಲ್ಲಿ ಚಿಕ್ಕವಳಿಗೆ ಹತ್ತು ವರ್ಷ, ದೊಡ್ಡವಳಿಗೆ ಹದಿನಾರು. ಆ ಹತ್ತು ವರ್ಷದವಳೇ ಡ್ರಮ್ಸ್. ಚೀನಾದವರಿಂದ ದೂರ ಇರು ಅಂತ ಅಪ್ಪ ಹೇಳಿದ್ದಾನೆ ಎಂದು ಕ್ಲಾಸಿನ ಹುಡುಗನೊಬ್ಬ ಅವಳಿಗೆ ಹೇಳಿದ್ದನಂತೆ. ಅದನ್ನು ಜನರ ಮುಂದೆ ನೇರವಾಗಿ ಹೇಳಿ, ಅವನ ಮೇಲೇ ಹಾಡು ಶುರು ಮಾಡಿದಳು. ಆ ವಿಡಿಯೊ ಜಗತ್ತೆಲ್ಲ ಸುತ್ತಿತು, ಎಪಿಟಾಫ್ ರೆಕಾರ್ಡ್ ಕಂಪನಿ ಅವರ ಜೊತೆ ಒಪ್ಪಂದ ಮಾಡಿಕೊಂಡಿತು, 2022ರಲ್ಲಿ 'ಗ್ರೋಯಿಂಗ್ ಅಪ್' ಆಲ್ಬಂ ಬಂತು.

ಲೈಬ್ರರಿ ಚಿಕ್ಕದು. ಅಷ್ಟು ಸದ್ದು ಮಾಡಿದ ಬ್ಯಾಂಡ್ ಇಲ್ಲಿ ಹೇಗೆ ಹಿಡಿಸಿತು ಅನ್ನಿಸುವಷ್ಟು. ಅಕ್ಕನ ಮಗಳು ವಿಡಿಯೊವನ್ನು ಸದ್ದಿಲ್ಲದೆ ಫೋನಿನಲ್ಲಿ ಹಾಕಿಕೊಂಡು, ಡ್ರಮ್ಸ್ ಇಟ್ಟಿದ್ದು ಯಾವ ಕಪಾಟಿನ ಮುಂದೆ ಅಂತ ಅಳತೆ ನೋಡತೊಡಗಿದಳು. ನಾನು ಅಲ್ಲೇ ಒಂದು ಕುರ್ಚಿ ಎಳೆದುಕೊಂಡು ಕೂತೆ. ಅವಳಿಗೆ ಇನ್ನೂ ಟೈಮ್ ಬೇಕಿತ್ತು.