ಕರಿ ನಾಲ್ಕು, ಬಿಳಿ ಮೂರು: ಒಂದು ಆಲ್ಟೊ, ಮೂರು ಕೆಲಸ

ಏಪ್ರಿಲ್ ತಿಂಗಳ ಹುಬ್ಬಳ್ಳಿಯಲ್ಲಿ ಸ್ಯಾಕ್ಸೊಫೋನ್ ಊದುವವರ ದಿನ ಶುರುವಾಗುವುದು ಒಂದು ಲೋಟ ನೀರಿನಿಂದ. ನಾಲ್ಕು ರೀಡುಗಳನ್ನು (ತುಟಿಯಿಡುವ ಕಡೆ ಕಟ್ಟುವ ಜೊಂಡಿನ ತೆಳು ಪಟ್ಟಿ) ತುದಿ ಕೆಳಗೆ ಮಾಡಿ ಎರಡು ಮೂರು ನಿಮಿಷ ಅದರಲ್ಲಿ ನಿಲ್ಲಿಸಬೇಕು. ಇಲ್ಲಿಯ ಒಣ ಹವೆಗೆ ಬೆಳಗಾಗುವಷ್ಟರಲ್ಲಿ ರೀಡಿನ ತುದಿ ಅಲೆಅಲೆಯಾಗಿ ಸೆಟೆದಿರುತ್ತದೆ. ಹಾಗೇ ಕಟ್ಟಿ ಊದಿದರೆ ಸ್ವರಕ್ಕಿಂತ ಮುಂಚೆ ಗಾಳಿ ಬರುತ್ತದೆ, ಇಲ್ಲವೇ ಕೀರಲು ಹೊಡೆಯುತ್ತದೆ. ನೆನೆದ ರೀಡಿನ ಚಪ್ಪಟೆ ಬದಿಯನ್ನು ಗಾಜಿನ ಮೇಲಿಟ್ಟು ಹೆಬ್ಬೆರಳಿನಿಂದ ಒತ್ತಿದರೆ ತುದಿ ನೆಟ್ಟಗಾಗುತ್ತದೆ. ಹತ್ತು ರೀಡಿನ ಡಬ್ಬಿಯಲ್ಲಿ ರೆಕಾರ್ಡಿಂಗಿಗೆ ಒದಗುವಂಥವು ಮೂರೋ ನಾಲ್ಕೋ. ಅವಕ್ಕೆ ಪೆನ್ಸಿಲಿನಿಂದ ನಂಬರ್ ಬರೆದು ಸರದಿಯಂತೆ ಬಳಸುವುದು. ಉಳಿದವು ಮೆರವಣಿಗೆಗೆ.

ಆ ದಿನ ಇದ್ದದ್ದು ಮೂರು ಕೆಲಸ. ಬೆಳಿಗ್ಗೆ ಬ್ಯಾಂಡಿನ ಜೊತೆ ಮದುವೆ ಮೆರವಣಿಗೆ, ಮಧ್ಯಾಹ್ನ ಧಾರವಾಡದಲ್ಲಿ ಎರಡು ಭಾವಗೀತೆಗಳ ರೆಕಾರ್ಡಿಂಗ್, ರಾತ್ರಿ ಹುಬ್ಬಳ್ಳಿಯ ರಿಸೆಪ್ಶನ್ನಿನಲ್ಲಿ ಜಾಝ್ ಮತ್ತು ಹಳೇ ಹಿಂದಿ ಹಾಡು. ಆಷಾಢ ಬಂದರೆ ಮದುವೆ ಇರುವುದಿಲ್ಲ, ಕೈಯಲ್ಲಿ ಶಿಷ್ಯರಷ್ಟೇ ಉಳಿಯುತ್ತಾರೆ. ಹಾಗಾಗಿ ಏಪ್ರಿಲ್, ಮೇನಲ್ಲಿ ಬಂದ ಕೆಲಸಕ್ಕೆ ಯಾರೂ ಇಲ್ಲ ಅನ್ನುವುದಿಲ್ಲ.

ಮೂರೂ ಕಡೆ ವಾದ್ಯ ಒಂದೇ, ಆದರೆ ಷಡ್ಜ ಬೇರೆ ಬೇರೆ. ನಮ್ಮದು ಆಲ್ಟೊ ಎಂಬ ಬಗೆಯ ಸ್ಯಾಕ್ಸೊಫೋನ್, ಅದು ಇ ಫ್ಲ್ಯಾಟ್ ವಾದ್ಯ. ನಾವು ಸಿ ಹಿಡಿದರೆ ಕೇಳುವುದು ಇ ಫ್ಲ್ಯಾಟ್, ಅಂದರೆ ಹಾರ್ಮೋನಿಯಂನ ಕರಿ ಎರಡು (ಎರಡನೇ ಕರಿ ಮನೆ). ಷಡ್ಜ ಬಿಳಿ ಒಂದಾದರೆ ನಾವು ಹಿಡಿಯುವುದು ಎ, ಕರಿ ಒಂದಕ್ಕೆ ಎ ಶಾರ್ಪ್, ಬಿಳಿ ನಾಲ್ಕಕ್ಕೆ ಡಿ, ಕರಿ ನಾಲ್ಕಕ್ಕೆ ಎಫ್. ಬ್ಯಾಂಡಿನ ಟ್ರಂಪೆಟ್, ಕ್ಲಾರಿನೆಟ್ಟಿಗೆ ಅನುಕೂಲವಾದ ಬಿ ಫ್ಲ್ಯಾಟ್ ನಮಗೆ ಜಿ. ಇದನ್ನು ಲೆಕ್ಕ ಹಾಕುತ್ತ ಕೂತರೆ ಹಾಡು ಮುಗಿದಿರುತ್ತದೆ. ಮಗ್ಗಿಯಂತೆ ಬಾಯಿಪಾಠ ಆಗಿರಬೇಕು.

ಮೆರವಣಿಗೆಯ ಬಗ್ಗೆ ಹೇಳುವುದು ಕಡಿಮೆ. ಬಯಲಿನಲ್ಲಿ ನಮ್ಮ ಸದ್ದು ನಮಗೇ ವಾಪಸ್ ಬರುವುದಿಲ್ಲ. ಅದಕ್ಕೇ ಎಲ್ಲರೂ ಅಗತ್ಯಕ್ಕಿಂತ ಜೋರಾಗಿ ಊದಿ ತುಟಿ ಕೆಡಿಸಿಕೊಳ್ಳುತ್ತಾರೆ. ಮಧ್ಯಾಹ್ನ ಮೈಕಿನ ಮುಂದೆ ನಿಲ್ಲಬೇಕಾದವರು ಅಲ್ಲಿ ಮುಕ್ಕಾಲು ಪಾಲಷ್ಟೇ ಊದುವುದು ಜಾಣತನ. ಬಿಸಿಲಿಗೆ ಸ್ವರ ಏರುತ್ತದೆ, ಆದರೆ ಇಡೀ ಬ್ಯಾಂಡ್ ಒಟ್ಟಿಗೇ ಏರುವುದರಿಂದ ಯಾರಿಗೂ ಗೊತ್ತಾಗುವುದಿಲ್ಲ.

ಗೊತ್ತಾಗುವುದು ಸ್ಟುಡಿಯೋದಲ್ಲಿ. ಚಿಗರಿ ಬಸ್ ಇಳಿದು ಹೋದಾಗ ಕೋಣೆಯಲ್ಲಿ ಎಸಿ 22 ಡಿಗ್ರಿಗಿತ್ತು. ಅಲ್ಲಿಯೇ ಶ್ರುತಿ ಹೊಂದಿಸಿದ್ದಾಯಿತು. ಟೇಕ್ ನಡೆಯುವಾಗ ಎಸಿ ಸದ್ದು ಬರಬಾರದೆಂದು ಅದನ್ನು ಆರಿಸಿದರು. ಅರ್ಧ ಗಂಟೆಯಲ್ಲಿ ಕೋಣೆ 28ಕ್ಕೆ ಏರಿತು. ಗಾಳಿ ಒಂದು ಡಿಗ್ರಿ ಬಿಸಿಯಾದರೆ ಊದುವ ವಾದ್ಯದ ಸ್ವರ ಸುಮಾರು 3 ಸೆಂಟ್ ಏರುತ್ತದೆ. ಕೊಳವೆಯೊಳಗೆ ಉಸಿರಿನ ಬಿಸಿ ಮೊದಲೇ ಇರುವುದರಿಂದ ಏರಿಕೆ ತುಸು ಕಡಿಮೆ, ಅಷ್ಟೆ. ನೂರು ಸೆಂಟ್ ಅಂದರೆ ಹಾರ್ಮೋನಿಯಂನಲ್ಲಿ ಪಕ್ಕದ ಮನೆಯ ಸ್ವರ. ಆರು ಡಿಗ್ರಿಗೆ ಹತ್ತು ಹದಿನೈದು ಸೆಂಟ್ ಏರಿದರೂ ಕೀಬೋರ್ಡ್ ಮಾತ್ರ ಇದ್ದಲ್ಲೇ ಇರುತ್ತದೆ. ಮೊದಲ ಟೇಕಿನ ಆರಂಭಕ್ಕೆ ನಾಲ್ಕನೇ ಟೇಕಿನ ಕೊನೆ ಅಂಟಿಸಿದರೆ ಆ ಜೋಡಣೆ ಕಿವಿಗೆ ಬೀಳುತ್ತದೆ. ಪರಿಹಾರ ಸರಳ. ಪ್ರತಿ ಟೇಕಿಗೂ ಟ್ಯೂನರ್ ನೋಡಿ ಮೌತ್‌ಪೀಸನ್ನು ವಾದ್ಯದ ಕತ್ತಿನ (ನೆಕ್) ಕಾರ್ಕಿನ ಮೇಲೆ ಒಂದೆರಡು ಮಿಲಿಮೀಟರ್ ಹೊರಗೆ ಜಾರಿಸುವುದು, ಅಥವಾ ಎಸಿಯನ್ನು ಮೊದಲೇ ಆರಿಸಿ, ಕೋಣೆ ಬಿಸಿಯಾದ ಮೇಲೇ ಶ್ರುತಿ ಮಾಡುವುದು. ಎರಡನೆಯದು ಒಳ್ಳೆಯದು, ಬೆವರಿಗೆ ತಯಾರಿದ್ದರೆ.

ಮೈಕನ್ನು ವಾದ್ಯದ ಬಾಯಿಗೇ ಹಿಡಿಯುವುದು ಹೊಸ ಹುಡುಗರ ಅಭ್ಯಾಸ. ಆ ಬಾಯಿಂದ ಪೂರ್ತಿ ಬರುವುದು ತೀರಾ ಕೆಳಗಿನ ಒಂದೆರಡು ಸ್ವರ ಮಾತ್ರ. ಉಳಿದವು ಮೈಮೇಲಿನ ತೆರೆದ ತೂತುಗಳಿಂದ ಬರುತ್ತವೆ. ಒಂದೂವರೆ ಅಡಿ ದೂರದಿಂದ ಎರಡು ಕೈಗಳ ನಡುವಿನ ಜಾಗಕ್ಕೆ ಗುರಿ ಇಟ್ಟರೆ ಎಲ್ಲ ಸ್ವರವೂ ಒಂದೇ ತೂಕದಲ್ಲಿ ಬರುತ್ತದೆ. ಹೆಡ್‌ಫೋನ್ ಒಂದು ಕಿವಿಗಷ್ಟೇ, ಇನ್ನೊಂದು ಕಿವಿ ಶ್ರುತಿಗೆ ಬೇಕು.

ಮೊದಲ ಹಾಡು ಹೆಣ್ಣು ದನಿಯದು, ಕರಿ ನಾಲ್ಕು, ಆರೋಹದಲ್ಲಿ ರಿಷಭ ಇಲ್ಲದ ಭೀಮಪಲಾಸಿ ರಾಗದ ಚಲನೆ. ಗಾಯಕಿ ಪಕ್ಕದಲ್ಲೇ ಕೂತಿದ್ದರು. ನಿ ಸ ಗ ಮ ಪ ಎಂದು ಏರುವಾಗ ತಟ್ಟನೆ ಕೈ ಎತ್ತಿದರು: “ಆರೋಹದಾಗ ರಿಷಭ ಎಲ್ಲಿಂದ ಬಂತ್ರೀ?”

ಧಾರವಾಡದಲ್ಲಿ ಇಂಥದ್ದು ಪಾರಾಗಿ ಹೋಗುವುದಿಲ್ಲ. ಬೆರಳು ಹೋದದ್ದು ಸರಿಯಾದ ಕೀಲಿಗೇ. ಷಡ್ಜ ಎಫ್ ಆದಾಗ ಕೋಮಲ ಗಾಂಧಾರ ಅಂದರೆ ಜಿ ಶಾರ್ಪ್. ಆ ಕೀಲಿಯ ರಚನೆಯಲ್ಲೇ ಒಂದು ದೌರ್ಬಲ್ಯ ಇದೆ. ಬೆರಳು ಒತ್ತಿದಾಗ ಬಲವಾದ ಸ್ಪ್ರಿಂಗಿನ ತೋಳು ಪಕ್ಕಕ್ಕೆ ಸರಿಯುತ್ತದೆ, ತೂತು ಮುಚ್ಚುವ ಪ್ಯಾಡನ್ನು ಎತ್ತುವುದು ಮಾತ್ರ ಇನ್ನೊಂದು ಮೆತ್ತನೆಯ ಸ್ಪ್ರಿಂಗ್. ಪ್ಯಾಡ್ ಸ್ವಲ್ಪ ಅಂಟಿದರೂ ಆ ಸ್ಪ್ರಿಂಗ್ ಸೋಲುತ್ತದೆ, ಜಿ ಶಾರ್ಪಿನ ಬದಲು ಜಿ ಕೇಳುತ್ತದೆ. ಎಫ್‌ನಿಂದ ಎಣಿಸಿದರೆ ಅದೇ ರಿಷಭ. ಅಂಟಿಸಿದ್ದು ಟೇಕಿಗೆ ಮುಂಚೆ ಕುಡಿದ ಚಹಾದ ಸಕ್ಕರೆ. ತೆಳು ಸಿಗರೇಟ್ ಕಾಗದವನ್ನು ಪ್ಯಾಡಿನ ಕೆಳಗಿಟ್ಟು, ಮುಚ್ಚಿ, ಹತ್ತು ಸೆಕೆಂಡ್ ಬಿಟ್ಟು, ಕೀಲಿ ತೆರೆದು ತೆಗೆಯಬೇಕು. ಒತ್ತಿ ಹಿಡಿದು ಎಳೆದರೆ ಪ್ಯಾಡಿನ ಚರ್ಮ ಹರಿಯುತ್ತದೆ. ಹೋಗದಿದ್ದರೆ ಬಟ್ಟೆಗೆ ಒಂದು ಹನಿ ಲೈಟರ್ ಪೆಟ್ರೋಲ್ ಹಾಕಿ ಒರೆಸುವುದು. ಪೌಡರ್ ಬೇಡ, ತೇವಕ್ಕೆ ಅದೇ ಅಂಟಾಗುತ್ತದೆ.

ಆಮೇಲೆ ಮಧ್ಯಮದಿಂದ ಗಾಂಧಾರಕ್ಕೆ ಮೀಂಡ್, ಅಂದರೆ ಕಡಿಯದೆ ಜಾರುವುದು. ಕೊಳಲಿನಲ್ಲಿ ಬೆರಳು ತೂತಿನ ಮೇಲೇ ಜಾರುತ್ತದೆ, ಸ್ಯಾಕ್ಸಿನಲ್ಲಿ ನಡುವೆ ಪ್ಯಾಡಿದೆ. ಮಧ್ಯಮ ಹಿಡಿದು, ದವಡೆ ಸಡಿಲಿಸಿ ಅರ್ಧ ದಾರಿ ಇಳಿಸಿ, ಉಳಿದರ್ಧಕ್ಕೆ ಬೆರಳು ಬದಲಿಸುವುದು. ಇಳಿಯುವುದು ಸುಲಭ, ಏರುವುದು ಕಷ್ಟ. ಅದಕ್ಕೇ ಏರುವ ಮೀಂಡಿಗೆ ಮೇಲಿನ ಸ್ವರವನ್ನೇ ಹಿಡಿದು, ಸಡಿಲ ತುಟಿಯಿಂದ ಕೆಳಗೆ ಶುರುಮಾಡಿ ಬಿಗಿ ಮಾಡುತ್ತ ಹೋಗುವುದು. ಮೈಸೂರು ಅರಮನೆ ಬ್ಯಾಂಡಿನಲ್ಲಿ ಈ ವಾದ್ಯ ಕೇಳಿ ಮರುಳಾದ ಕದ್ರಿ ಗೋಪಾಲನಾಥರು ಇದರಲ್ಲಿ ಕರ್ನಾಟಕ ಸಂಗೀತದ ಗಮಕ ನುಡಿಸಿ ತೋರಿಸಿದರು. ಅವರ ನಂತರ ‘ಈ ವಾದ್ಯದಲ್ಲಿ ಆಗುವುದಿಲ್ಲ’ ಎಂಬ ನೆಪ ನಡೆಯುವುದಿಲ್ಲ.

ಸೆಷನ್ ಕೆಲಸದಲ್ಲಿ ಊದುವುದಕ್ಕಿಂತ ಬಿಡುವುದು ಹೆಚ್ಚು. ಗಾಯಕಿಯ ಸಾಲು ಮುಗಿದ ಮರುಮಾತ್ರೆಗೆ ಫಿಲ್ (ಸಾಲುಗಳ ನಡುವೆ ತುಂಬುವ ತುಣುಕು) ಶುರು, ಅವರು ಮತ್ತೆ ಬರುವುದಕ್ಕೆ ಒಂದು ಮಾತ್ರೆ ಮೊದಲು ಮುಗಿತಾಯ. ಆರ್.ಡಿ. ಬರ್ಮನ್ ತಂಡದ ಮನೋಹರಿ ಸಿಂಗ್ ಸ್ಯಾಕ್ಸಷ್ಟೇ ಅಲ್ಲ, ಕೊಳಲು, ಮ್ಯಾಂಡೊಲಿನ್ನೂ ನುಡಿಸುತ್ತಿದ್ದರು, ಅರೇಂಜರೂ ಆಗಿದ್ದರು. ಅಮೆರಿಕದಲ್ಲಿ ಫಿಲ್ ವುಡ್ಸ್ ಅಪ್ಪಟ ಜಾಝ್ ಆಲ್ಟೊದವರು. 1977ರಲ್ಲಿ ಪಾಪ್ ಗಾಯಕ ಬಿಲ್ಲಿ ಜೋಯಲ್ ಅವರ ಒಂದು ಪ್ರೇಮಗೀತೆಗೆ ಊದಿದ ಸೋಲೊದಿಂದ ಜಾಝ್ ಕೇಳದವರ ಕಿವಿಗೂ ಬಿದ್ದರು. ಅದರಲ್ಲಿ ಅವರ ಚಾಕಚಕ್ಯತೆ ಎಷ್ಟಿದೆಯೋ ಸಂಯಮವೂ ಅಷ್ಟೇ ಇದೆ.

ರಾತ್ರಿ ಬಿ ಫ್ಲ್ಯಾಟ್ ಬ್ಲೂಸ್, ಹನ್ನೆರಡು ಬಾರ್, ನಮಗೆ ಜಿ. ಇಲ್ಲಿಯ ತಾಲೀಮಿನಲ್ಲಿ ಬೆಳೆದವರಿಗೆ ಸ್ವಿಂಗ್ ಎಂಬ ಜಾಝಿನ ಓಲಾಡುವ ಲಯ ಕೈಗೆ ಹತ್ತದಿದ್ದರೆ ಒಂದು ದಾರಿ ಇದೆ. ಪ್ರತಿ ಮಾತ್ರೆಯನ್ನೂ ಮೂರು ಭಾಗ ಮಾಡಿ, ಒಂದನೆಯದು ಮತ್ತು ಮೂರನೆಯದರ ಮೇಲೆ ಮಾತ್ರ ಸ್ವರ ಇಡುವುದು. ನಾಲಿಗೆ ತಾಗಬೇಕಾದ್ದು ಮೂರನೆಯದಕ್ಕೆ, ಒಂದನೆಯದಕ್ಕೆ ಜಾರಬೇಕು. ನಾವು ಸಮ್ (ತಾಳದ ಮೊದಲ ಮಾತ್ರೆ) ಮೇಲೆ ಒತ್ತು ಹಾಕುವವರು, ತಪ್ಪುವುದು ಅಲ್ಲೇ. ಕೊನೆಗೊಂದು ತಿಹಾಯಿ, ಅಂದರೆ ಮೂರು ಸಲ ನುಡಿಸಿ ಸಮ್‌ಗೆ ಬರುವ ತುಣುಕು, ಇಡುವ ಆಸೆ ಬರುತ್ತದೆ. ಡ್ರಮ್ಸಿನವನ ಮುಖ ನೋಡಿ ಬಿಡಬೇಕು.

ಆಮೇಲಿನ ಹಿಂದಿ ಹಾಡು ಬಿಳಿ ನಾಲ್ಕಕ್ಕೆ ಗೊತ್ತಾಗಿತ್ತು. ಗಾಯಕರ ಗಂಟಲು ಕಟ್ಟಿತ್ತು. “ಅಣ್ಣಾರ, ಒಂದ ಪಟ್ಟಿ ಕೆಳಗ ಹಿಡೀರಿ,” ಅಂದರು. ಅಂದರೆ ಪಕ್ಕದ ಕೆಳಗಿನ ಮನೆ, ಬಿಳಿ ಮೂರು. ಕೀಬೋರ್ಡಿನವರು ಟ್ರಾನ್ಸ್‌ಪೋಸ್ ಬಟನ್ ಒಮ್ಮೆ ಒತ್ತಿ ಸುಮ್ಮನಾದರು. ನಮಗೆ ಎರಡು ಶಾರ್ಪಿನ ಡಿ ಹೋಗಿ ಏಳು ಶಾರ್ಪಿನ ಸಿ ಶಾರ್ಪ್ ಬಂತು. ಇದಕ್ಕೆ ಉಪಾಯವಿಲ್ಲ, ಹನ್ನೆರಡೂ ಪಟ್ಟಿಗಳಲ್ಲಿ ದಿನಾ ಅಲಂಕಾರ ಊದುವುದೊಂದೇ. ಊದದವರು ಅಂಥ ಹೊತ್ತಿನಲ್ಲಿ ಉದ್ದ ಉದ್ದ ಸ್ವರ ಎಳೆದು ದಾಟಿಸುತ್ತಾರೆ, ಅದೂ ಒಮ್ಮೊಮ್ಮೆ ಚೆನ್ನಾಗಿಯೇ ಇರುತ್ತದೆ.

ಹನ್ನೊಂದೂವರೆಗೆ ವಾದ್ಯ ಬಿಚ್ಚಿ, ಒಳಗೆ ಬಟ್ಟೆ ಎಳೆದು, ಜಿ ಶಾರ್ಪ್ ಪ್ಯಾಡಿನಡಿ ಮತ್ತೆ ಕಾಗದ ಇಟ್ಟು ತೇವ ಹೀರಿಸುವಾಗ ಮರುದಿನದ ಸಂದೇಶ ಬಂತು: “ನಾಳೆ ಹತ್ತಕ್ಕೆ, ಕರಿ ಮೂರು.” ಅಂದರೆ ಡಿ ಶಾರ್ಪ್, ಬಲಗೈ ಕಿರುಬೆರಳಿನ ಕೀಲಿ. ಅದರ ಪ್ಯಾಡನ್ನೂ ಒಮ್ಮೆ ಒರೆಸಿ ಪೆಟ್ಟಿಗೆ ಮುಚ್ಚಿದ್ದಾಯಿತು.