ಪಾಸ್‌ಪೋರ್ಟ್‌ಗಾಗಿ ಮೈಸೂರಿಗೆ ಹೋಗುವ ಬೆಂಗಳೂರಿನವರು

ಪಾಸ್‌ಪೋರ್ಟ್ ಅರ್ಜಿ ಹಾಕುವಾಗ ವೆಬ್‌ಸೈಟ್‌ನಲ್ಲಿ ಕೇಂದ್ರಗಳ ಪಟ್ಟಿ ಬರುತ್ತದಲ್ಲ, ಜನರ ಲೆಕ್ಕಾಚಾರ ಅರ್ಥ ಆಗಬೇಕಾದರೆ ಅದನ್ನು ನೋಡಬೇಕು. ಯಾವ ಕೇಂದ್ರದಲ್ಲಿ ಯಾವ ತಾರೀಖು ಖಾಲಿ ಇದೆ ಅಂತ ಅಲ್ಲೇ ಕಾಣುತ್ತದೆ. ಬೆಂಗಳೂರಿನವರಿಗೆ ಲಾಲ್‌ಬಾಗ್ ರಸ್ತೆ, ಮಾರತ್ತಹಳ್ಳಿ ಹತ್ತಿರ. ಆದರೆ ಅಲ್ಲಿಗೇ ಹೋಗಬೇಕು ಅಂತೇನಿಲ್ಲ. ಬೇಸಿಗೆ ರಜೆಗೆ ಮುಂಚೆ ಇಲ್ಲಿ ತಾರೀಖು ಸಿಗದಿದ್ದರೆ ಕೆಲವರು ಸುಮ್ನೆ ಮೈಸೂರನ್ನೋ ಹಾಸನವನ್ನೋ ಒತ್ತಿಬಿಡುತ್ತಾರೆ. ಇದರಲ್ಲೊಂದು ತಮಾಷೆ ಇದೆ. ಅಂಚೆ ಕಚೇರಿಯಲ್ಲಿ ಪಾಸ್‌ಪೋರ್ಟ್ ಸೇವೆ ಕೊಡುವ ಯೋಜನೆ 2017ರ ಜನವರಿಯಲ್ಲಿ ಶುರುವಾದಾಗ ದೇಶದಲ್ಲೇ ಮೊದಲು ತೆರೆದ ಕೇಂದ್ರಗಳಲ್ಲಿ ಮೈಸೂರಿನದೂ ಒಂದು. ಜನ ದೂರ ಹೋಗೋದು ತಪ್ಪಲಿ ಅಂತ ಮಾಡಿದ್ದು ಅದು!

ನನಗನ್ನಿಸುವುದು, ನಾವು ದೂರಕ್ಕೆ ಅಷ್ಟು ಹೆದರುವುದಿಲ್ಲ, ಎಷ್ಟು ಹೊತ್ತು ಅಂತ ಗೊತ್ತಿಲ್ಲದೆ ಕಾಯೋಕೆ ಜಾಸ್ತಿ ಹೆದರುತ್ತೇವೆ. ಆಧಾರ್ ತಿದ್ದುಪಡಿಯನ್ನೇ ನೋಡಿ. ಪಕ್ಕದ ರಸ್ತೆಯ ಕೌಂಟರ್‌ನಲ್ಲಿ ದಿನಕ್ಕೆ ಇಷ್ಟೇ ಟೋಕನ್ ಅಂತಿದ್ದರೆ ಬೆಳಿಗ್ಗೆ ಬೇಗ ಹೋಗಿ ನಿಲ್ಲಬೇಕು, ನಿಂತರೂ ಸಿಗುತ್ತದೆ ಅಂತ ಹೇಳೋಕಾಗಲ್ಲ. ಅದಕ್ಕಿಂತ ಎರಡು ಬಸ್ ಬದಲಾಯಿಸಿದರೂ ಪರವಾಗಿಲ್ಲ, ಮೊದಲೇ ಸಮಯ ಬುಕ್ ಮಾಡಿಕೊಳ್ಳುವ ಆಧಾರ್ ಸೇವಾ ಕೇಂದ್ರವೇ ವಾಸಿ ಅನ್ನಿಸುತ್ತದೆ ಅಲ್ವಾ? ಮನೆಯಲ್ಲಿ ಕೂತು ಹತ್ತು ದಿನ ಕಾಯಬಹುದು, ಕುರ್ಚಿಯಿಲ್ಲದ ಕಡೆ ಎರಡು ಗಂಟೆ ನಿಲ್ಲೋದು ಕಷ್ಟ.

ಹಾಗಂತ ಖಾಲಿ ಇರುವ ಜಾಗ ಖಾಲಿಯಾಗಿಯೇ ಉಳಿಯಲ್ಲ. ವಾರ್ಡ್ರಾಪ್ ಎಂಬ ಬ್ರಿಟಿಷ್ ತಜ್ಞ 1952ರಲ್ಲಿ ರಸ್ತೆಗಳ ಬಗ್ಗೆ ಹೇಳಿದ ಮಾತು ಇಲ್ಲಿಗೂ ಹೊಂದುತ್ತದೆ. ಎಲ್ಲರೂ ತಮ್ಮ ತಮ್ಮ ಸಮಯ ಉಳಿಸಿಕೊಳ್ಳೋಕೆ ದಾರಿ ಬದಲಿಸುತ್ತಾ ಹೋದರೆ ಕೊನೆಗೆ ಜನ ಓಡಾಡುವ ಎಲ್ಲ ದಾರಿಗಳಲ್ಲೂ ಒಂದೇ ಸಮಯ ಹಿಡಿಯುತ್ತದೆ, ಬದಲಿಸಿ ಯಾರಿಗೂ ಲಾಭ ಇರಲ್ಲ. ಮೈಸೂರಲ್ಲಿ ಬೇಗ ಸಿಗುತ್ತೆ ಅಂತ ಸುದ್ದಿ ಹಬ್ಬಿದರೆ ಅಲ್ಲೂ ತಾರೀಖು ಮುಂದಕ್ಕೆ ಹೋಗುತ್ತದೆ. ಪಾಪ, ಅಲ್ಲಿನವರು ತಮ್ಮೂರಲ್ಲೇ ಕಾಯಬೇಕು.

ಆದರೆ ಈ ಲೆಕ್ಕ ಎಲ್ಲರಿಗೂ ಒಂದೇ ಅಲ್ಲ. ದಿನಗೂಲಿಯವರು ಮೈಸೂರಿಗೆ ಹೋದರೆ ಒಂದು ದಿನದ ಸಂಬಳ ಹೋಯಿತು, ಅವರು ಹತ್ತಿರದ ಕ್ಯೂನಲ್ಲೇ ಇರುತ್ತಾರೆ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದ ಮೇಲೆ ಹೆಂಗಸರಿಗೆ ಸಾಮಾನ್ಯ ಸರ್ಕಾರಿ ಬಸ್ಸಿನಲ್ಲಿ ಟಿಕೆಟ್ ಖರ್ಚು ಇಲ್ಲ, ಅಷ್ಟರ ಮಟ್ಟಿಗೆ ದೂರದ ಬೆಲೆ ಇಳಿಯಿತು. ಆದರೆ ಹೋಗಿಬರುವ ಹೊತ್ತು, ಮನೆಯಲ್ಲಿ ಬಿಟ್ಟುಬಂದ ಮಕ್ಕಳು? ಅದಕ್ಕೆ ರಿಯಾಯಿತಿ ಇಲ್ಲ.

ಇನ್ನೊಂದು ವಿಷಯ. ಯಾವ ಕೇಂದ್ರಕ್ಕೆ ಹೋದರೂ ಪೊಲೀಸ್ ವೆರಿಫಿಕೇಶನ್ ನಡೆಯೋದು ನೀವಿರುವ ವಿಳಾಸದ ಠಾಣೆಯಿಂದಲೇ. ಅಲ್ಲಿ ತಡವಾದರೆ ಬೇರೆ ಊರಿನ ಠಾಣೆ ಒತ್ತೋಕೆ ಬಟನ್ ಇಲ್ಲ.