ಶಾಲು ಹೊದಿಸೋಕೆ ಮುಂಚೆ ಫಾರ್ಮ್ ತುಂಬ್ರಪ್ಪ

ನಾನು ತಾಲ್ಲೂಕು ಊರಿನ ಒಂದು ಡಿಗ್ರಿ ಕಾಲೇಜಲ್ಲಿ ಇಂಗ್ಲಿಷ್ ಮೇಷ್ಟ್ರು. ಕೋವಿಡ್‌ಗೂ ಮುಂಚೆ ಫುಲ್‌ಬ್ರೈಟ್ ಸ್ಪೆಷಲಿಸ್ಟ್ ಅನ್ನೋ ಅಮೆರಿಕ ಸರ್ಕಾರದ ಸ್ಕೀಮಲ್ಲಿ ಅಲ್ಲಿನ ಪ್ರೊಫೆಸರ್ ಮೇಡಂ ಒಬ್ರು ಮೂರು ವಾರಕ್ಕೆ ಬಂದಿದ್ರು. ಈ ಸ್ಕೀಮಲ್ಲಿ 2ರಿಂದ 6 ವಾರ ಇರಬಹುದು, ವಿಮಾನದ ಟಿಕೆಟ್ಟು, ಗೌರವಧನ ಅವರ ಸರ್ಕಾರದ್ದು, ಉಳ್ಕೊಳ್ಳೋಕೆ ಜಾಗ, ಊಟ, ಓಡಾಟ ಕರೆಸಿಕೊಂಡೋರದ್ದು. ನಮ್ಮ ಮ್ಯಾನೇಜ್‌ಮೆಂಟ್‌ನೋರು ಮೊದಲರ್ಧ ಕೇಳಿ ಖುಷಿಯಾಗಿ ಎದ್ದು ಹೋದ್ರು, ಉಳಿದರ್ಧ ನನ್ನ ಜೇಬಿಂದ ಹೋಯ್ತು. ಸ್ವಲ್ಪ ವಾಪಸ್ ಬಂತು, ಮಿಕ್ಕಿದ್ದು ಕೇಳೋದು ಬಿಟ್ಟೆ.

ಎಡವಿದ್ದು ಆಗ ಫಾರ್ಮ್ ಸಿ ಅಂತಿದ್ದ ಒಂದು ಫಾರ್ಮ್ ಹತ್ರ. ವಿದೇಶದೋರು ಬಂದು ಉಳ್ಕೊಂಡ್ರೆ ಜಾಗ ಕೊಟ್ಟೋರು 24 ಗಂಟೆ ಒಳಗೆ ವಿದೇಶಿಯರ ನೋಂದಣಿ ಅಧಿಕಾರಿಗೆ, ನಮ್ಮ ಜಿಲ್ಲೇಲಿ ಅಂದ್ರೆ ಎಸ್‌ಪಿಗೆ, ಆನ್‌ಲೈನಲ್ಲಿ ತಿಳಿಸ್ಬೇಕು. ಹೋಟೆಲಾದ್ರೆ ರಿಸೆಪ್ಷನ್ನೋರೇ ಮಾಡ್ತಾರೆ. ನಾವು ಇಳಿಸಿದ್ದು ಹಾಸ್ಟೆಲ್ ಮೇಲಿನ ಗೆಸ್ಟ್ ರೂಮಲ್ಲಿ, ಅದಕ್ಕೆ ಆ ವೆಬ್‌ಸೈಟಿನ ಲಾಗಿನ್ನೇ ಇಲ್ಲ, ಲಾಗಿನ್‌ಗೆ ಮೊದ್ಲು ಅಪ್ರೂವಲ್ ಆಗ್ಬೇಕು, ಅವತ್ತು ನೋಡಿದ್ರೆ ಶನಿವಾರ ಸಂಜೆ. ಸೋಮವಾರ ಪಾಸ್‌ಪೋರ್ಟ್, ವೀಸಾ ಜೆರಾಕ್ಸ್ ಹಿಡ್ಕೊಂಡು ಎಸ್‌ಪಿ ಆಫೀಸಲ್ಲಿ ನಿಂತಿದ್ದೆ. "ಏನ್ ಮೇಷ್ಟ್ರೇ, ಓದಿದೋರೇ ಹಿಂಗಾ?" ಅಂದ್ರು. ಏನ್ ಹೇಳ್ಲಿ.

ಅವರ ರಜೆ ಜೂನ್-ಜುಲೈ, ಆಗ ನಮ್ಮಲ್ಲಿ ಪರೀಕ್ಷೆ, ಅಡ್ಮಿಷನ್ ಗಲಾಟೆ. ಪುಣ್ಯಕ್ಕೆ ಆಗಸ್ಟ್‌ಗೆ ಒಪ್ಪಿದ್ರು.

ಮೊದಲ ವಾರ ಬರೀ ಸನ್ಮಾನ. ಪೇಟ, ಶಾಲು, ಹಣ್ಣಿನ ಬುಟ್ಟಿ, ಟ್ರಸ್ಟ್‌ನ ಹೈಸ್ಕೂಲಲ್ಲಿ ಒಂದು, ಕ್ಲಬ್ಬಲ್ಲಿ ಒಂದು. ನಾಲ್ಕನೇ ಶಾಲು ಆದ್ಮೇಲೆ ಮೇಡಂ ಮೆಲ್ಲಗೆ ಕೇಳಿದ್ರು, ಕ್ಲಾಸ್ ಯಾವಾಗ ಅಂತ. ಕ್ಲಾಸ್ ಅಂತ ನಾವು ಮಾಡಿದ್ದೂ ಅಷ್ಟೇ, 300 ಮಕ್ಕಳನ್ನ ಹಾಲ್‌ಗೆ ತುಂಬಿ ಭಾಷಣ. ಅವರ ಉಚ್ಚಾರಣೆ ಮಕ್ಕಳಿಗೆ ಹತ್ತಲಿಲ್ಲ, ಪ್ರಶ್ನೆ ಇದ್ರೆ ಕೇಳಿ ಅಂದ್ರೆ ಫ್ಯಾನ್ ಸದ್ದೊಂದೇ.

ಎರಡನೇ ವಾರ ಪ್ರಿನ್ಸಿಪಾಲ್ರನ್ನ ಕಾಡಿಬೇಡಿ 12 ಮಕ್ಕಳನ್ನ ಲೈಬ್ರರಿಲಿ ಕೂರಿಸ್ದೆ. ಮನೇಲಿ ಅಜ್ಜಿ ಹೇಳೋ ಕತೆ ಇಂಗ್ಲಿಷಿಗೆ ತರೋದು. ಮೇಡಂಗೆ ಕನ್ನಡ ಬರಲ್ಲ, ಹಂಗಾಗಿ ಮಕ್ಕಳೇ ಬಾಯಿ ಬಿಡ್ಲೇಬೇಕಾಯ್ತು. ಯಾವತ್ತೂ ತುಟಿ ಬಿಚ್ಚದ ಬಿಕಾಂ ಹುಡುಗಿ ಒಬ್ಳು ಹೊಟ್ಟೆಕಿಚ್ಚು ಅಂದ್ರೆ ಏನು ಅಂತ ಹೊಟ್ಟೆ ಮುಟ್ಟಿ, ಬೆಂಕಿಕಡ್ಡಿ ಗೀರೋ ಹಂಗೆ ಕೈ ಮಾಡಿ ಹತ್ತು ನಿಮಿಷ ವಿವರಿಸಿದ್ಳು! ಗ್ರಾಮರ್ ಎಕ್ಕುಟ್ಟೋಗಿತ್ತು, ಯಾರಿಗೂ ಬೇಕಾಗಿರ್ಲಿಲ್ಲ. ಆ ಮೊದಲ ವಾರ ನೆನೆಸ್ಕೊಂಡ್ರೆ ಈಗ್ಲೂ ಹೊಟ್ಟೆ ಉರಿಯುತ್ತೆ.

ಮೊನ್ನೆ ಪಕ್ಕದ ತಾಲ್ಲೂಕಿನ ಕಾಲೇಜಿಂದ ಒಬ್ರು ಫೋನ್ ಮಾಡಿದ್ರು, ಅವರಲ್ಲಿಗೂ ಯಾರೋ ಬರ್ತಿದಾರಂತೆ. ಕೇಳಿದ್ದು ಸ್ವಾಗತದ ಫ್ಲೆಕ್ಸ್ ಎಷ್ಟಡಿ ಹಾಕಿಸ್ಲಿ ಅಂತ. ಗೆಸ್ಟ್ ರೂಮ್‌ಗೆ ಲಾಗಿನ್ ಇದ್ಯಾ ಸಾರ್ ಅಂದೆ. ಯಾವ ಲಾಗಿನ್ ಅಂದ್ರು.